ಲ್ಯಾಬಿನಲ್ಲಿ 2 ಮಿಲಿಮೀಟರ್, ಮಾಡೆಲಿನಲ್ಲಿ 10 ಮೀಟರ್: ಯಾವುದು ಸರಿ?

ಪ್ರಶ್ನೆ: ನಾನು ಸಿವಿಲ್ ಎಂ.ಟೆಕ್ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ 4 ಇಂಚಿನ, 1 ಮೀಟರ್ ಉದ್ದದ ಪಿವಿಸಿ ಪೈಪಿಗೆ ಮರಳು ತುಂಬಿದೆ. ಒಂದು ಕಡೆಯಿಂದ ಉಪ್ಪು ನೀರು ಬಿಟ್ಟು ಇನ್ನೊಂದು ತುದಿಯಲ್ಲಿ ಅಳೆದೆ. ಡಿಸ್ಪರ್ಸಿವಿಟಿ, ಅಂದರೆ ನೀರಿನ ಜೊತೆ ಸಾಗುತ್ತಾ ಉಪ್ಪು ಎಷ್ಟು ಹರಡುತ್ತದೆ ಅನ್ನುವ ಅಳತೆ, 2 ಮಿಲಿಮೀಟರ್ ಬಂತು. ಈಗ, ಕೊಳಚೆ ನೀರು ನಿಲ್ಲುವ ಒಂದು ಹೊಂಡದಿಂದ 100 ಮೀಟರ್ ದೂರದ ಬೋರ್‌ವೆಲ್‌ಗೆ ಕೊಳೆ ಎಷ್ಟು ದಿನಕ್ಕೆ ಬರುತ್ತದೆ ಅಂತ ಕಂಪ್ಯೂಟರ್ ಮಾಡೆಲ್ ಮಾಡಬೇಕು. ಅದಕ್ಕೆ ನಮ್ಮ ಗೈಡ್ 10 ಮೀಟರ್ ಹಾಕು ಅಂದರು. ಐದು ಸಾವಿರ ಪಟ್ಟು ವ್ಯತ್ಯಾಸ! ನನ್ನ ಪ್ರಯೋಗ ತಪ್ಪಾ, ಅವರು ಹೇಳಿದ್ದು ತಪ್ಪಾ? ಇನ್ನೊಂದು ವಿಷಯ. ಹೊಂಡ ಇರುವುದು ಕೋಲಾರದ ಕಡೆ. ಅಲ್ಲಿ ಮರಳಿಲ್ಲ, ಮೇಲೆ ಕೆಂಪು ಮಣ್ಣು, ಕೆಳಗೆ ಬಂಡೆ. ಈ ಲೆಕ್ಕ ಅಲ್ಲಿಗೆ ಹೊಂದುತ್ತಾ?

ಉತ್ತರ: ನಿಮ್ಮ ಪ್ರಯೋಗ ತಪ್ಪಿರುವ ಹಾಗೆ ಕಾಣುವುದಿಲ್ಲ. ನಿಮ್ಮ ಗೈಡ್ ಕೂಡ ಗಾಳಿಯಲ್ಲಿ ಗುಂಡು ಹೊಡೆದಿಲ್ಲ. ಆ 10 ಮೀಟರ್ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು, ಆಮೇಲೆ ಹೇಳುತ್ತೇನೆ. ತೊಂದರೆ ಬೇರೆ ಕಡೆ ಇದೆ. ಡಿಸ್ಪರ್ಸಿವಿಟಿಯನ್ನು ನೀವಿಬ್ಬರೂ ಮರಳಿನ ಒಂದು ಗುಣ ಅಂದುಕೊಂಡಿದ್ದೀರಿ, ತೂಕದ ಹಾಗೆ, ಬಣ್ಣದ ಹಾಗೆ. ಅದು ಗುಣ ಅಲ್ಲ. ನೀರಿನ ವೇಗದ ಬಗ್ಗೆ ನಮಗೆ ಏನೇನು ಗೊತ್ತಿಲ್ಲವೋ ಅದನ್ನೆಲ್ಲ ಒಂದೇ ಅಂಕಿಯಲ್ಲಿ ಕಟ್ಟಿಟ್ಟ ಗಂಟು ಅದು. ಗಂಟಿನ ಗಾತ್ರ ನೀವು ಎಷ್ಟು ದೂರ ನೋಡುತ್ತೀರಿ, ಎಷ್ಟು ಸೂಕ್ಷ್ಮವಾಗಿ ನೋಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಮೊದಲು ನಿಮ್ಮ ಪೈಪಿನ ಲೆಕ್ಕ ನೋಡೋಣ. 4 ಇಂಚು ಅಂದರೆ ಒಳಗೆ ಸುಮಾರು 10 ಸೆಂಟಿಮೀಟರ್. 1 ಮೀಟರ್ ಉದ್ದಕ್ಕೆ ಒಟ್ಟು 7.85 ಲೀಟರ್ ಜಾಗ. ಮರಳು ತುಂಬಿದ ಮೇಲೆ ಕಣಗಳ ಸಂದಿಯಲ್ಲಿ ಉಳಿಯುವುದು ಸುಮಾರು 38%, ಅಂದರೆ ಹತ್ತಿರತ್ತಿರ 3 ಲೀಟರ್. ನಿಮಿಷಕ್ಕೆ 10 ಮಿಲಿಲೀಟರ್ ಬಿಟ್ಟಿದ್ದೀರಿ ಅಂದುಕೊಳ್ಳೋಣ. ಹಳೆ ನೀರು ಪೂರ್ತಿ ಹೊರಗೆ ಹೋಗಿ ಉಪ್ಪು ನೀರು ಬರಲು 300 ನಿಮಿಷ, ಐದು ಗಂಟೆ. ಆದರೆ ಸರಿಯಾಗಿ ಐದು ಗಂಟೆಗೆ ಉಪ್ಪು ಅಳೆಯುವ ಮೀಟರಿನ ಮುಳ್ಳು ಒಮ್ಮೆಲೇ ಜಿಗಿಯಲಿಲ್ಲ, ಅಲ್ವಾ? ಸ್ವಲ್ಪ ಮೊದಲೇ ಏರತೊಡಗಿ, ಸ್ವಲ್ಪ ತಡವಾಗಿ ನಿಂತಿರುತ್ತದೆ. ಡಿಸ್ಪರ್ಸಿವಿಟಿ 2 ಮಿಲಿಮೀಟರ್ ಆಗಿದ್ದರೆ, ಉಪ್ಪು 16%ನಿಂದ 84%ಗೆ ಏರಲು ಸುಮಾರು 38 ನಿಮಿಷ ಹಿಡಿಯಬೇಕು. ನಿಮ್ಮ ಗ್ರಾಫ್ ತೆಗೆದು ನೋಡಿ. ನೀರು ಬಿಟ್ಟ ವೇಗ ಬೇರೆ ಇದ್ದರೆ ಅದೇ ಅನುಪಾತದಲ್ಲಿ ಬದಲಿಸಿಕೊಳ್ಳಿ. ಹತ್ತಿರ ಬಂದರೆ ನಿಮ್ಮ 2 ಮಿಲಿಮೀಟರ್ ನಂಬಬಹುದು.

ಹತ್ತಿರ ಬರದಿದ್ದರೆ ಎರಡು ಕಡೆ ಅನುಮಾನ ಪಡಿ. ಒಂದು, ಗಾಳಿ. ನಾನು ಮೊದಲ ಸಲ ಇಂಥ ಪೈಪ್ ಮಾಡಿದಾಗ ಒಣ ಮರಳು ಸುರಿದು ಮೇಲಿನಿಂದ ನೀರು ಬಿಟ್ಟೆ. ಏರಿದ ಗೆರೆ ನಿಲ್ಲುವುದೇ ಇಲ್ಲ! ಉಪ್ಪು ಗಂಟೆಗಟ್ಟಲೆ ತೊಟ್ಟು ತೊಟ್ಟಾಗಿ ಬರುತ್ತಲೇ ಇತ್ತು. ಏನೋ ಹೊಸದು ಕಂಡುಹಿಡಿದೆ ಅಂತ ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಪಾರದರ್ಶಕ ಪೈಪಿನಲ್ಲಿ ಮಾಡಿ ನೋಡಿದರೆ ಒಳಗೆಲ್ಲ ಗುಳ್ಳೆಗಳು. ಗುಳ್ಳೆಯ ಹಿಂದೆ ನಿಂತ ನೀರು ನಿಧಾನವಾಗಿ ಉಪ್ಪು ಬಿಡುತ್ತಿತ್ತು, ಅಷ್ಟೇ. ಪೈಪಿನಲ್ಲಿ ಮೊದಲು ನೀರು ನಿಲ್ಲಿಸಿ, ಆ ನೀರಿನೊಳಗೆ ಮರಳನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಎರಡು, ಉಪ್ಪಿನ ಭಾರ. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದರೆ ನೀರು ಸುಮಾರು 7 ಗ್ರಾಂ ಭಾರವಾಗುತ್ತದೆ. ಪೈಪ್ ಮಲಗಿಸಿದ್ದರೆ ಉಪ್ಪು ನೀರು ತಳ ಹಿಡಿದು ನಾಲಿಗೆ ಚಾಚಿದ ಹಾಗೆ ಮುಂದೆ ಹೋಗುತ್ತದೆ. ಅದನ್ನು ನೀವು ಡಿಸ್ಪರ್ಶನ್ (ಹರಡುವಿಕೆ) ಅಂತ ಬರೆದುಕೊಳ್ಳುತ್ತೀರಿ. ಪೈಪ್ ನೆಟ್ಟಗೆ ನಿಲ್ಲಿಸಿ, ಉಪ್ಪು ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡಿ. ಲೀಟರಿಗೆ 1 ಗ್ರಾಂಗಿಂತ ಕಡಿಮೆ ಉಪ್ಪು ಸಾಕು.

ಈಗ, ಉಪ್ಪು ಯಾಕೆ ಹರಡುತ್ತದೆ? ಉಪ್ಪಿನ ಅಣುಗಳು ತಾವೇ ಅಲೆದಾಡಿ ಹರಡುವುದು ಉಂಟು, ಅದು ಡಿಫ್ಯೂಶನ್. ಆದರೆ ನಿಮ್ಮ ಪೈಪಿನ ವೇಗದಲ್ಲಿ ಅದರ ಪಾಲು ನೂರರಲ್ಲಿ ಒಂದು. ಉಳಿದದ್ದೆಲ್ಲ ನೀರಿನ ಓಟದ ಹೆಚ್ಚುಕಡಿಮೆ. ಎರಡು ಕಣಗಳ ಸಂದಿಯಲ್ಲಿ ಮಧ್ಯದ ನೀರು ಬೇಗ ಓಡುತ್ತದೆ, ಕಣಕ್ಕೆ ಅಂಟಿದ ನೀರು ತೆವಳುತ್ತದೆ. ದೊಡ್ಡ ಸಂದಿಯಲ್ಲಿ ಓಟ ಜಾಸ್ತಿ, ಸಣ್ಣದರಲ್ಲಿ ಕಡಿಮೆ. ಒಂದು ದಾರಿ ನೇರ, ಇನ್ನೊಂದು ಸುತ್ತು. ಜಾತ್ರೆ ಮುಗಿದು ಎಲ್ಲರೂ ಒಂದೇ ಹೊತ್ತಿಗೆ ಹೊರಟರೂ ಬಸ್ ಸ್ಟ್ಯಾಂಡಿಗೆ ಒಂದೇ ಹೊತ್ತಿಗೆ ಸೇರುವುದಿಲ್ಲವಲ್ಲ, ಹಾಗೆ.

ಡಿಸ್ಪರ್ಸಿವಿಟಿಯ ಅಳತೆ ಮಿಲಿಮೀಟರ್, ಮೀಟರ್. ಅಂದರೆ ಅದು ಒಂದು ಉದ್ದ. ಅಲ್ಲೇ ಅನುಮಾನ ಬರಬೇಕು. ಯಾವುದರ ಉದ್ದ? ನೀರು ಬಳಸಿಕೊಂಡು ಹೋಗಬೇಕಾದ ಅಡ್ಡಿಗಳ ಉದ್ದ. ನಿಮ್ಮ ಪೈಪಿನಲ್ಲಿ ಅಡ್ಡಿ ಅಂದರೆ ಮರಳಿನ ಕಣ, ಅರ್ಧ ಮಿಲಿಮೀಟರ್ ಇರಬಹುದು. ನಾಲ್ಕಾರು ಕಣಗಳಷ್ಟು ಉದ್ದ ಬಂತು. ಹೊರಗೆ ನೆಲದಲ್ಲಿ ಅಡ್ಡಿ ಅಂದರೆ ಕಣ ಅಲ್ಲ. ಜೇಡಿಯ ಪದರ, ದಪ್ಪ ಮರಳಿನ ಪಟ್ಟಿ, ಹಳೆ ಹಳ್ಳದ ಜಲ್ಲಿ. ಅವುಗಳ ಉದ್ದ ಮೀಟರ್ ಲೆಕ್ಕದಲ್ಲಿ. ಅದೇ ಕಾರಣಕ್ಕೆ ಆ ಅಂಕಿಯೂ ಮೀಟರ್ ಲೆಕ್ಕಕ್ಕೆ ಬೆಳೆಯುತ್ತದೆ.

ನೀರಿನ ಹರಿವಿನ ಮಾತು ಬಂದಾಗ ಡಾರ್ಸಿಯನ್ನು ಬಿಡುವ ಹಾಗಿಲ್ಲ. ಫ್ರಾನ್ಸಿನ ದಿಜೋನ್ ಪಟ್ಟಣದ ಎಂಜಿನಿಯರ್ ಹೆನ್ರಿ ಡಾರ್ಸಿ, ಊರಿನ ನೀರು ಸೋಸುವುದಕ್ಕೆ ಎಷ್ಟು ಮರಳು ಬೇಕು ಅಂತ ತಿಳಿಯಲು 1855-56ರಲ್ಲಿ ಅಲ್ಲಿನ ಆಸ್ಪತ್ರೆಯ ಆವರಣದಲ್ಲಿ 35 ಸೆಂಟಿಮೀಟರ್ ಅಗಲದ ಕೊಳವೆ ನಿಲ್ಲಿಸಿದ. ನಿಮ್ಮ ಪೈಪಿನ ಅಜ್ಜ ಅದು. ನೀರಿನ ಮಟ್ಟದ ವ್ಯತ್ಯಾಸ ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು ಅನ್ನುವ ಸರಳ ನಿಯಮ ಅಲ್ಲಿ ಸಿಕ್ಕಿತು. ಇವತ್ತಿನ ಎಲ್ಲ ಅಂತರ್ಜಲ ಮಾಡೆಲುಗಳ ಬುಡ ಅದೇ. ಆದರೆ ಅವನಿಗೆ ಬೇಕಿದ್ದದ್ದು ಎಷ್ಟು ಲೀಟರ್ ನೀರು ಅನ್ನುವುದು. ಯಾವ ಹನಿ ಯಾವಾಗ ಬರುತ್ತದೆ ಅನ್ನುವುದು ಅವನ ಪ್ರಶ್ನೆ ಆಗಿರಲಿಲ್ಲ. ಎಷ್ಟು ನೀರು ಅನ್ನುವುದಕ್ಕೆ ಸರಾಸರಿ ಸಾಕು. ಕೊಳೆ ಯಾವಾಗ ಬರುತ್ತದೆ ಅನ್ನುವುದಕ್ಕೆ ಸಾಲದು. ಇನ್ನು, ಡಾರ್ಸಿ ನಿಯಮ ಕೊಡುವ ವೇಗ ನೀರಿನ ನಿಜವಾದ ವೇಗ ಅಲ್ಲ. ಅದನ್ನು ಪೊರಾಸಿಟಿಯಿಂದ, ಅಂದರೆ ನೀರು ಓಡಾಡುವ ಸಂದಿಗಳ ಪಾಲಿನಿಂದ, ಭಾಗಿಸಬೇಕು. ಇದನ್ನು ಮರೆಯುವವರು ವರ್ಷಕ್ಕೆ ಒಬ್ಬರಾದರೂ ಸಿಗುತ್ತಾರೆ. ಈ ಭಾಗಾಕಾರ ಕೋಲಾರದಲ್ಲಿ ನಿಮಗೆ ದೊಡ್ಡ ಏಟು ಕೊಡಲಿದೆ, ನೆನಪಿಟ್ಟುಕೊಳ್ಳಿ.

ಸರಿ, ನೆಲದಲ್ಲಿ ಯಾರಾದರೂ ಅಳೆದಿದ್ದಾರಾ? ಅಳೆದಿದ್ದಾರೆ, ಅದೂ ಹುಚ್ಚು ಹಿಡಿದವರ ಹಾಗೆ. ಕೆನಡಾದ ಒಂಟಾರಿಯೊದಲ್ಲಿ ಬೋರ್ಡೆನ್ ಅನ್ನುವ ಸೇನಾ ನೆಲೆ ಇದೆ. ಅಲ್ಲಿನ ಒಂದು ಹಳೆ ಮರಳು ಗುಂಡಿಯಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ವಾಟರ್‌ಲೂ ವಿಶ್ವವಿದ್ಯಾಲಯದವರು ಸೇರಿ 1982ರ ಆಗಸ್ಟ್‌ನಲ್ಲಿ ಸುಮಾರು 12,000 ಲೀಟರ್ ನೀರನ್ನು ನೆಲದೊಳಗೆ ಇಳಿಸಿದರು. ಒಂದು ದೊಡ್ಡ ಟ್ಯಾಂಕರ್ ನೀರು ಅಂದುಕೊಳ್ಳಿ. ಅದರಲ್ಲಿ ಕ್ಲೋರೈಡ್, ಬ್ರೋಮೈಡ್, ಜೊತೆಗೆ ಐದು ಬಗೆಯ ಸಾವಯವ ರಾಸಾಯನಿಕ. ಆ ನೀರಿನ ದಾರಿಯುದ್ದಕ್ಕೂ ಸುಮಾರು 5,000 ಜಾಗದಿಂದ ಮಾದರಿ ತೆಗೆಯುವ ಹಾಗೆ ಸಣ್ಣ ಕೊಳವೆಗಳನ್ನು ಮೊದಲೇ ನೆಟ್ಟಿದ್ದರು. ಆಮೇಲೆ ವರ್ಷಗಟ್ಟಲೆ ನೀರು ತೆಗೆದು ಅಳೆದರು.

ನೀರು ದಿನಕ್ಕೆ ಸುಮಾರು 9 ಸೆಂಟಿಮೀಟರ್ ಸಾಗಿತು. ಒಂದು ಗೇಣೂ ಇಲ್ಲ. ಎರಡು ವರ್ಷಕ್ಕೆ ಹತ್ತಿರತ್ತಿರ 60 ಮೀಟರ್ ಹೋಯಿತು. ಹೋಗ್ತಾ ಹೋಗ್ತಾ ಉದ್ದಕ್ಕೆ ಹಿಗ್ಗಿತು, ಅಡ್ಡಕ್ಕೆ ಮಾತ್ರ ಹಿಗ್ಗಲೇ ಇಲ್ಲ ಅನ್ನಬೇಕು. ಉದ್ದದ ಡಿಸ್ಪರ್ಸಿವಿಟಿ ಅರ್ಧ ಮೀಟರಿನ ಆಸುಪಾಸು, ಅಡ್ಡದ್ದು ಬರೀ 4 ಸೆಂಟಿಮೀಟರ್. ಆ ಮರಳು ನೋಡಿದರೆ ನಿಮ್ಮ ಪೈಪಿನ ಮರಳಿಗಿಂತ ಅಂಥ ಬೇರೆಯೇನಲ್ಲ.

ನನಗೆ ಇಷ್ಟವಾಗುವುದು ಅದರ ಮುಂದಿನ ಕತೆ. ವಾಟರ್‌ಲೂನ ಎಡ್ವರ್ಡ್ ಸುಡಿಕಿ ಅದೇ ನೆಲದಿಂದ 32 ಮಣ್ಣಿನ ಕೋರ್, ಅಂದರೆ ಕೊಳವೆ ಇಳಿಸಿ ಎತ್ತಿದ ಮಣ್ಣಿನ ಕಂಬ, ತೆಗೆದು, ಅವನ್ನು 5 ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಒಂದೊಂದೂ ಎಷ್ಟು ಸಲೀಸಾಗಿ ನೀರು ಬಿಡುತ್ತದೆ ಅಂತ ಅಳೆದರು. 1,279 ಅಳತೆ! ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ನೀರು ಬಿಡುವ ಗುಣ ಮೇಲೆ ಕೆಳಗೆ ಹೋದರೆ 12 ಸೆಂಟಿಮೀಟರಿಗೇ ಬದಲಾಗುತ್ತದೆ, ಅದೇ ಮಟ್ಟದಲ್ಲಿ ಮುಂದೆ ಹೋದರೆ ಸುಮಾರು 3 ಮೀಟರ್‌ವರೆಗೆ ಒಂದೇ ತರ ಇರುತ್ತದೆ. ಅಂದರೆ ನೆಲದೊಳಗೆ ಅಂಗೈ ದಪ್ಪದ, ಚಾಪೆಯಂಥ ಪದರಗಳು. ಈ 3 ಮೀಟರ್ ಉದ್ದವನ್ನು, ಪದರ ಪದರಕ್ಕೆ ಗುಣ ಎಷ್ಟು ಬದಲಾಗುತ್ತದೆ ಅನ್ನುವ ಅಂಕಿಯಿಂದ, ಅಂದರೆ ಲಾಗರಿದಮ್ ಲೆಕ್ಕದ ವೇರಿಯನ್ಸ್ 0.29ರಿಂದ, ಗುಣಿಸಿ, ಸಣ್ಣ ತಿದ್ದುಪಡಿ ಮಾಡಿದರೆ ಸುಮಾರು 0.6 ಮೀಟರ್ ಬರುತ್ತದೆ. ನೀರು ಇಳಿಸಿ ಅಳೆದದ್ದು ಅರ್ಧ ಮೀಟರ್ ಆಸುಪಾಸು. ಎರಡು ಬೇರೆ ದಾರಿಯಲ್ಲಿ ಹೋಗಿ ಒಂದೇ ಬಾಗಿಲು ತಟ್ಟಿದ ಹಾಗೆ. ಆ ಅರ್ಧ ಮೀಟರ್ ಎಲ್ಲಿತ್ತು ಅಂತ ಗೊತ್ತಾಯಿತಲ್ಲ? ಪದರಗಳಲ್ಲಿ. ಪ್ರತಿ ಪದರವನ್ನೂ ಮಾಡೆಲಿನಲ್ಲಿ ಬಿಡಿಸಿ ಹಾಕುವುದಾದರೆ ನಿಮಗೆ ಆ ಅರ್ಧ ಮೀಟರ್ ಬೇಕಾಗುವುದೇ ಇಲ್ಲ, ನಿಮ್ಮ 2 ಮಿಲಿಮೀಟರೇ ಸಾಕು. ಪದರ ಗೊತ್ತಿಲ್ಲದಿದ್ದಾಗ ಅರ್ಧ ಮೀಟರ್ ಬೇಕು. ಗಂಟು ಅಂತ ನಾನು ಹೇಳಿದ್ದು ಇದನ್ನೇ.

ಈಗ ನಿಮ್ಮ ಗೈಡ್ ಹೇಳಿದ 10 ಮೀಟರ್. ಬೇರೆ ಬೇರೆ ದೇಶದ ಅಳತೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಚುಕ್ಕಿ ಇಟ್ಟು ನೋಡಿದಾಗ, ದೂರ ಜಾಸ್ತಿಯಾದಷ್ಟೂ ಡಿಸ್ಪರ್ಸಿವಿಟಿ ಜಾಸ್ತಿ ಕಾಣುತ್ತದೆ. ಅದರ ಮೇಲೆ ಒಂದು ಅಂದಾಜು ಹುಟ್ಟಿಕೊಂಡಿತು: ದೂರದ ಹತ್ತನೇ ಒಂದು ಪಾಲು ಹಾಕಿ. ನಿಮ್ಮ ದೂರ 100 ಮೀಟರ್. ಅದರ ಹತ್ತನೇ ಒಂದು ಪಾಲು 10. ಅಷ್ಟೇ ಗುಟ್ಟು.

ಆದರೆ ಈ ಅಂದಾಜಿನಲ್ಲಿ ತೂತಿದೆ. 1992ರಲ್ಲಿ ಅಂತರ್ಜಲ ವಿಜ್ಞಾನಿ ಲಿನ್ ಗೆಲ್ಹಾರ್ ಮತ್ತು ಜೊತೆಯವರು 59 ಜಾಗಗಳ ಅಳತೆಗಳನ್ನು ಒಂದೊಂದಾಗಿ ಜಾಲಾಡಿದರು. ಯಾವುದು ನಂಬಿಕೆಗೆ ಅರ್ಹ, ಯಾವುದು ಅಲ್ಲ ಅಂತ ಬೇರೆ ಮಾಡಿದರು. ಚೆನ್ನಾಗಿ ಅಳೆದ ಜಾಗಗಳಲ್ಲೆಲ್ಲ ಅಂಕಿ ಚಿಕ್ಕದಿತ್ತು. ದೊಡ್ಡ ದೊಡ್ಡ ಅಂಕಿಗಳು ಬಂದಿದ್ದು ಹೆಚ್ಚಾಗಿ ಸರಿಯಾಗಿ ಅಳೆಯದ ಕಡೆಯಿಂದ. ಬೋರ್ಡೆನ್‌ನಲ್ಲೇ ನೋಡಿ. 60 ಮೀಟರಿಗೆ ಈ ಅಂದಾಜು 6 ಮೀಟರ್ ಹೇಳುತ್ತದೆ, ಇದ್ದದ್ದು ಅರ್ಧ ಮೀಟರ್. ಅಮೆರಿಕದ ಕೇಪ್ ಕಾಡ್‌ನಲ್ಲಿ 1985ರಲ್ಲಿ ಇಂಥದೇ ಪ್ರಯೋಗ ಮಾಡಿದರು. ಬ್ರೋಮೈಡ್ 461 ದಿನದಲ್ಲಿ ಸುಮಾರು 200 ಮೀಟರ್ ಹೋಯಿತು. ಅಂದಾಜು 20 ಮೀಟರ್ ಅನ್ನುತ್ತದೆ, ಅಳತೆ 0.96 ಮೀಟರ್. ಅಡ್ಡಕ್ಕೆ 1.8 ಸೆಂಟಿಮೀಟರ್, ಮೇಲೆ ಕೆಳಗೆ ಬರೀ ಒಂದೂವರೆ ಮಿಲಿಮೀಟರ್. ಹಾಗಾಗಿ ಒಳ್ಳೆ ಮರಳಿನ ನೆಲವಾಗಿದ್ದರೆ ನಾನು 10 ಹಾಕುತ್ತಿರಲಿಲ್ಲ. ಅರ್ಧದಿಂದ ಒಂದು ಮೀಟರ್ ಹಾಕುತ್ತಿದ್ದೆ.

ಇದರಿಂದ ಉತ್ತರ ಎಷ್ಟು ಬದಲಾಗುತ್ತದೆ? ದಿನಕ್ಕೆ 33 ಸೆಂಟಿಮೀಟರ್ ಹರಿಯುವ ಮರಳಿನ ನೆಲ ಅಂದುಕೊಳ್ಳೋಣ. 100 ಮೀಟರಿಗೆ ಸರಾಸರಿ ನೀರು 300 ದಿನಕ್ಕೆ ಬರುತ್ತದೆ. ಕೊಳೆಯ ಮೊದಲ ವಾಸನೆ, ಅಂದರೆ ನೂರಕ್ಕೆ ಎರಡು ಮೂರು ಪಾಲು ಬರುವುದು ಯಾವಾಗ? 2 ಮಿಲಿಮೀಟರ್ ಹಾಕಿದರೆ ಸುಮಾರು 296ನೇ ದಿನ. ಅರ್ಧ ಮೀಟರಿಗೆ 246ನೇ ದಿನ. 10 ಮೀಟರ್ ಹಾಕಿದರೆ 126ನೇ ದಿನ. ಬಾವಿಯ ನೀರು ಕುಡಿಯುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಹಾಗಾದರೆ ಜಾಸ್ತಿ ಹಾಕಿದರೆ ಬೇಗ ಬರುತ್ತದೆ ಅಂತ ತೋರಿಸುತ್ತದೆ, ಎಚ್ಚರಿಕೆಗೆ ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಇಲ್ಲೇ ಮೋಸ ಇರುವುದು. ಜಾಸ್ತಿ ಹಾಕಿದರೆ ಬೇಗ ಬರುತ್ತದೆ ನಿಜ, ಆದರೆ ತೆಳುವಾಗಿ ಬರುತ್ತದೆ. ಒಂದು ಸಲ ಸುರಿದ ಕೊಳೆಯಾದರೆ 100 ಮೀಟರ್ ಹೋಗುವಷ್ಟರಲ್ಲಿ 10 ಮೀಟರಿನ ಲೆಕ್ಕದಲ್ಲಿ ಅದು 45 ಮೀಟರ್ ಉದ್ದಕ್ಕೆ ಹರಡಿರುತ್ತದೆ, 2 ಮಿಲಿಮೀಟರಿನ ಲೆಕ್ಕದಲ್ಲಿ 63 ಸೆಂಟಿಮೀಟರಿಗೆ. ಕೊಳೆಯ ಅತಿ ಹೆಚ್ಚಿನ ಪ್ರಮಾಣ ಎಪ್ಪತ್ತು ಪಟ್ಟು ಕಡಿಮೆ ಕಾಣುತ್ತದೆ. ಹೆಸರು ಬೇಡ, ಒಂದು ಕಾರ್ಖಾನೆಯ ವರದಿಯನ್ನು ಪರಿಶೀಲಿಸಲು ನನಗೆ ಕೊಟ್ಟಿದ್ದರು. ಡಿಸ್ಪರ್ಸಿವಿಟಿ 50 ಮೀಟರ್. ಅಡ್ಡಕ್ಕೆ ಕೂಡ 50! ಬಾವಿ ಮುಟ್ಟುವಷ್ಟರಲ್ಲಿ ಎಲ್ಲವೂ ಮಿತಿಯ ಒಳಗೆ. ಯಾಕೆ ಇಷ್ಟು ಅಂತ ಕೇಳಿದರೆ ಹಳೆ ವರದಿಯಲ್ಲಿ ಹಾಗೇ ಇತ್ತು ಅಂದರು. ನೆಲದಲ್ಲಿ ಕರಗದ ಕೊಳೆ ಕಾಗದದ ಮೇಲೆ ಕರಗಿತ್ತು.

ನಿಮ್ಮದು ಹೊಂಡ. ದಿನಾ ಕೊಳೆ ಇಳಿಯುತ್ತಲೇ ಇರುತ್ತದೆ. ಅಂಥ ಕಡೆ ಉದ್ದದ ಡಿಸ್ಪರ್ಸಿವಿಟಿ ನಿರ್ಧರಿಸುವುದು ಮೊದಲ ದಿನವನ್ನು ಮಾತ್ರ. ವರ್ಷಗಳ ಮೇಲೆ ಬಾವಿಯಲ್ಲಿ ಎಷ್ಟು ಕೊಳೆ ನಿಲ್ಲುತ್ತದೆ ಅನ್ನುವುದು ಅಡ್ಡದ ಡಿಸ್ಪರ್ಸಿವಿಟಿ ಮತ್ತು ಬಾವಿಯ ಪಂಪ್ ಎಲ್ಲೆಲ್ಲಿಂದ ನೀರು ಎಳೆಯುತ್ತದೆ ಅನ್ನುವುದಕ್ಕೆ ಬಿಟ್ಟದ್ದು. ನೀವೂ ನಿಮ್ಮ ಗೈಡೂ ಜಗಳ ಆಡುತ್ತಿರುವುದು ಇಲ್ಲಿ ಅಷ್ಟೇನೂ ಮುಖ್ಯ ಅಲ್ಲದ ಅಂಕಿಯ ಮೇಲೆ.

ಇನ್ನೊಂದು ಕಳ್ಳ ಇದ್ದಾನೆ, ಮಾಡೆಲಿನ ಒಳಗೇ. ಮಾಡೆಲ್ ನೆಲವನ್ನು ಚೌಕ ಚೌಕವಾಗಿ ಹೋಳು ಮಾಡಿ ಲೆಕ್ಕ ಹಾಕುತ್ತದೆ. ಆ ಬಲೆ ಗ್ರಿಡ್, ಒಂದೊಂದು ಚೌಕ ಸೆಲ್. ನಿಮ್ಮ ಗ್ರಿಡ್ಡಿನ ಸೆಲ್ ಎಷ್ಟು ದೊಡ್ಡದು ಅಂತ ನೀವು ಬರೆದಿಲ್ಲ. 10 ಮೀಟರ್ ಅಂದುಕೊಳ್ಳೋಣ, ಹೆಚ್ಚಿನವರು ಹಾಗೇ ಮಾಡುತ್ತಾರೆ. ಮಾಡೆಲಿನ ಒಂದು ಸೆಲ್ ಅಂದರೆ ಒಂದು ಬಕೆಟ್ ಇದ್ದ ಹಾಗೆ. ಅಂಚಿನಲ್ಲಿ ಬಂದ ಉಪ್ಪು ತಕ್ಷಣ ಇಡೀ ಬಕೆಟ್ಟಿಗೆ ಕಲಸಿಹೋಗುತ್ತದೆ, ಮರುಕ್ಷಣ ಆಚೆ ಅಂಚಿನಿಂದ ಸ್ವಲ್ಪ ಮುಂದಿನ ಬಕೆಟ್ಟಿಗೂ ಹೋಗುತ್ತದೆ. ನೆಲದಲ್ಲಿ ಇಲ್ಲದ ಈ ಕಲಸಾಟ ಲೆಕ್ಕ ಮಾಡುವ ವಿಧಾನದಿಂದಲೇ ಹುಟ್ಟಿದ್ದು. ಹಿಂದಿನ ಸೆಲ್ಲಿನ ಅಂಕಿಯನ್ನೇ ಮುಂದಕ್ಕೆ ಒಯ್ಯುವ ಸಾಮಾನ್ಯ ಅಪ್‌ವಿಂಡ್ ವಿಧಾನದಲ್ಲಿ ಇದು ಸುಮಾರು ಸೆಲ್ಲಿನ ಅರ್ಧದಷ್ಟು ಡಿಸ್ಪರ್ಸಿವಿಟಿಗೆ ಸಮ. ಅಂದರೆ ನೀವು ನಿಷ್ಠೆಯಿಂದ 2 ಮಿಲಿಮೀಟರ್ ಟೈಪ್ ಮಾಡಿದರೂ ಮಾಡೆಲ್ ತಾನೇ 5 ಮೀಟರ್ ಹಾಕಿಕೊಂಡು ಓಡುತ್ತದೆ. ಸೆಲ್ ಗಾತ್ರ ಡಿಸ್ಪರ್ಸಿವಿಟಿಯ ಎರಡು ಪಟ್ಟು ಮೀರಬಾರದು ಅನ್ನುವುದು ಹಳೆ ಎಚ್ಚರಿಕೆ. ಅರ್ಧ ಮೀಟರಿಗೆ ಒಂದು ಮೀಟರಿನ ಸೆಲ್. ನೀವು ಅಂತರ್ಜಲದ ಹರಿವು ಲೆಕ್ಕ ಮಾಡುವ ಮಾಡ್‌ಫ್ಲೋ ಜೊತೆ, ಕೊಳೆಯ ಓಟ ಲೆಕ್ಕ ಮಾಡುವ ಎಂಟಿ3ಡಿ ಪ್ರೋಗ್ರಾಂ ಬಳಸುತ್ತಿದ್ದರೆ ಅದರಲ್ಲಿ ಟಿವಿಡಿ ಅನ್ನುವ ಆಯ್ಕೆ ಇದೆ, ಈ ಕಲಸಾಟವನ್ನು ತುಂಬಾ ಕಡಿಮೆ ಮಾಡುತ್ತದೆ. ಓಡುವುದಕ್ಕೆ ಹೊತ್ತು ಹಿಡಿಯುತ್ತದೆ. ರಾತ್ರಿ ಬಿಟ್ಟು ಮಲಗಿ.

ಇಷ್ಟೆಲ್ಲ ಸರಿ ಮಾಡಿದರೂ ಕೆಲವು ನೆಲ ಸರಾಸರಿ ವೇಗಕ್ಕೆ ಡಿಸ್ಪರ್ಸಿವಿಟಿ ಸೇರಿಸುವ ಈ ಸಮೀಕರಣಕ್ಕೆ ಬಗ್ಗುವುದೇ ಇಲ್ಲ. ಅಮೆರಿಕದ ಮಿಸಿಸಿಪ್ಪಿಯ ಕೊಲಂಬಸ್ ವಾಯುನೆಲೆಯಲ್ಲಿ 1986ರಲ್ಲಿ ಶುರುವಾದ ಪ್ರಯೋಗ ಇದಕ್ಕೆ ಸಾಕ್ಷಿ, ಮೇಡ್ ಅಂತ ಅದನ್ನು ಕರೆಯುತ್ತಾರೆ. ಅಲ್ಲಿಯ ನೆಲ ಹಳೆ ನದಿ ಬಿಟ್ಟುಹೋದ ಜಲ್ಲಿ, ಮರಳು, ಜೇಡಿಯ ಕಲಸುಮೇಲೋಗರ. ಬೋರ್ಡೆನ್‌ನಲ್ಲಿ 0.29 ಇದ್ದ ಆ ವೇರಿಯನ್ಸ್ ಇಲ್ಲಿ 4.5 ಹತ್ತಿರ. ಇಳಿಸಿದ ಬ್ರೋಮೈಡಿನ ಬಹುಪಾಲು ಒಂದು ವರ್ಷ ಕಳೆದರೂ ಇಳಿಸಿದ ಜಾಗದ ಹತ್ತಿರವೇ ಕೂತಿತ್ತು. ಒಂದಿಷ್ಟು ಮಾತ್ರ ಜಲ್ಲಿಯ ದಾರಿ ಹಿಡಿದು 200 ಮೀಟರ್ ದಾಟಿ ಓಡಿತ್ತು. ಸರಾಸರಿ ವೇಗ, ಅದರ ಸುತ್ತ ಗಂಟೆಯಾಕಾರದ ಹರಡುವಿಕೆ ಅನ್ನುವ ಚಿತ್ರವೇ ಅಲ್ಲಿ ಬಿದ್ದುಹೋಯಿತು. ಮಾದರಿ ತೆಗೆದು ಕೂಡಿದರೆ ಮೊದಮೊದಲು ಹಾಕಿದ್ದಕ್ಕಿಂತ ಜಾಸ್ತಿ ಬ್ರೋಮೈಡ್ ಲೆಕ್ಕಕ್ಕೆ ಬಂತು, ಕೊನೆಗೆ ಅರ್ಧವೂ ಸಿಗಲಿಲ್ಲ. ಮಾದರಿ ಕೊಳವೆಗಳು ಸಲೀಸಾದ ಪದರದ ನೀರನ್ನೇ ಜಾಸ್ತಿ ಎಳೆಯುತ್ತವೆ, ಜೇಡಿಯೊಳಗೆ ಕೂತದ್ದು ಕೈಗೆ ಬರುವುದಿಲ್ಲ.

ಇದನ್ನು ನೋಡುವುದಕ್ಕೆ ಮಿಸಿಸಿಪ್ಪಿಗೆ ಹೋಗಬೇಕಿಲ್ಲ. ನಾಳೆ ಬೆಳಿಗ್ಗೆ ಕಾಫಿ ಫಿಲ್ಟರಿನಲ್ಲೇ ಮಾಡಿ. ಮೇಲಿನ ಲೋಟಕ್ಕೆ ಪುಡಿ ಹಾಕಿ ಸಮವಾಗಿ ಹರಡಿ, ತೂತಿನ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಕುದಿವ ನೀರು ಹಾಕಿ. ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಮೊದಲ ತೊಟ್ಟುಗಳು ಎಣ್ಣೆಯ ಹಾಗೆ ಗಟ್ಟಿ, ಆಮೇಲೆ ಮೆಲ್ಲಗೆ ತೆಳುವಾಗುತ್ತದೆ. ನಿಮ್ಮ ಪೈಪಿನ ಗ್ರಾಫೇ ಅದು, ತಲೆಕೆಳಗಾಗಿ. ಇನ್ನೊಂದು ಸಲ ಪುಡಿಯನ್ನು ಒಂದು ಬದಿಗೆ ಗುಡ್ಡೆ ಹಾಕಿ, ಬಿಲ್ಲೆ ಇಡದೆ ನೀರು ಸುರಿಯಿರಿ. ನೀರು ತೆಳು ಬದಿಯಲ್ಲಿ ಒಂದು ದಾರಿ ಕೊರೆದುಕೊಂಡು ಎರಡೇ ನಿಮಿಷದಲ್ಲಿ ಇಳಿದುಬಿಡುತ್ತದೆ. ಡಿಕಾಕ್ಷನ್ ಚಹಾದಷ್ಟು ತೆಳು. ಚರಟ ಬಿಡಿಸಿ ನೋಡಿದರೆ ಗುಡ್ಡೆಯ ಮಧ್ಯೆ ಪುಡಿ ಇನ್ನೂ ಸ್ಟ್ರಾಂಗ್ ಆಗೇ ಇರುತ್ತದೆ. ಪುಡಿ ಅದೇ, ನೀರು ಅದೇ. ಎರಡಕ್ಕೂ ಒಂದೇ ಡಿಸ್ಪರ್ಸಿವಿಟಿ ಕೊಡಿ ಅಂದರೆ ಏನು ಕೊಡುತ್ತೀರಿ?

ಕೋಲಾರ ಈ ಎರಡನೇ ಫಿಲ್ಟರ್. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಪುಡಿಪುಡಿಯಾದ ಕಲ್ಲು, ಅದರ ಕೆಳಗೆ ನೈಸ್ (gneiss) ಅನ್ನುವ ಜಾತಿಯ ಗಟ್ಟಿ ಬಂಡೆ. ಬಂಡೆಯಲ್ಲಿ ನೀರು ಇರುವುದು ಬಿರುಕಿನಲ್ಲಿ ಮಾತ್ರ. ಬೋರ್ ಕೊರೆಸಿದವರನ್ನು ಕೇಳಿ, ಹತ್ತು ಅಡಿ ಪಕ್ಕದಲ್ಲಿ ಒಂದಕ್ಕೆ ಸೆಲೆ ಸಿಕ್ಕಿರುತ್ತದೆ, ಇನ್ನೊಂದರಲ್ಲಿ ಬರೀ ಬಿಳಿ ಪುಡಿ ಹಾರಿರುತ್ತದೆ.

ಇಲ್ಲಿ ಮೊದಲ ಏಟು ಪೊರಾಸಿಟಿಯದು. ನಿಮ್ಮ ಮರಳಿನ 38% ಹಾಗೇ ಹಾಕಿದರೆ ಮುಗಿಯಿತು. ಬಿರುಕುಬಿಟ್ಟ ಬಂಡೆಯಲ್ಲಿ ನೀರು ಓಡಾಡುವ ಜಾಗ ನೂರಕ್ಕೆ ಒಂದು, ಕೆಲವು ಕಡೆ ಅದಕ್ಕೂ ಕಡಿಮೆ. ಅಷ್ಟೇ ನೀರು ಅಷ್ಟು ಸಣ್ಣ ಜಾಗದಲ್ಲಿ ಹೋಗಬೇಕಾದರೆ ಅಷ್ಟೇ ಜೋರಾಗಿ ಓಡಬೇಕು. ಒಂದು ವರ್ಷ ಅಂತ ತೋರಿಸಿದ್ದು ಹತ್ತು ದಿನಕ್ಕೆ ಬಂದೀತು. ಡಿಸ್ಪರ್ಸಿವಿಟಿಯಲ್ಲಿ ಎಷ್ಟು ತಪ್ಪಿದರೂ ಇಷ್ಟು ದೊಡ್ಡ ತಪ್ಪು ಆಗುವುದಿಲ್ಲ.

ಎರಡನೆಯದು ಬಿರುಕಿನ ಅಗಲ. ನುಣುಪಾದ ಎರಡು ಹಲಗೆಗಳ ನಡುವಿನ ಸಂದಿ ಅಂತ ಲೆಕ್ಕ ಮಾಡಿದರೆ, ಬಿರುಕು ಎರಡು ಪಟ್ಟು ಅಗಲವಾದರೆ ಹೋಗುವ ನೀರು ಎಂಟು ಪಟ್ಟು. 100 ಮೀಟರಿಗೆ 1 ಮೀಟರ್ ಇಳಿಜಾರು ಇದ್ದರೆ, 0.1 ಮಿಲಿಮೀಟರ್ ಬಿರುಕಿನಲ್ಲಿ ನೀರು ದಿನಕ್ಕೆ ಸುಮಾರು 7 ಮೀಟರ್. ಅರ್ಧ ಮಿಲಿಮೀಟರ್ ಬಿರುಕಿನಲ್ಲಿ ದಿನಕ್ಕೆ 175 ಮೀಟರ್! ನಿಜವಾದ ಬಿರುಕು ಒರಟು, ವಕ್ರ, ಮಧ್ಯೆ ಮಣ್ಣು ತುಂಬಿರುತ್ತದೆ, ಹಾಗಾಗಿ ಇಷ್ಟು ಓಡುವುದಿಲ್ಲ. ಆದರೂ ಯಾವ ಬಿರುಕು ಯಾವ ಬಾವಿಗೆ ಸೇರಿದೆ ಅನ್ನುವುದೇ ಇಲ್ಲಿ ಎಲ್ಲ. ಓಡುವ ನೀರಿನಿಂದ ಸ್ವಲ್ಪ ಕೊಳೆ ಪಕ್ಕದ ಕಲ್ಲಿಗೂ ಜೇಡಿಗೂ ಮೆಲ್ಲಗೆ ಸೇರಿಕೊಳ್ಳುತ್ತದೆ. ಹೊಂಡ ಮುಚ್ಚಿದ ಮೇಲೂ ವರ್ಷಗಟ್ಟಲೆ ಅದು ವಾಪಸ್ ಬರುತ್ತಿರುತ್ತದೆ. ನನ್ನ ಪೈಪಿನ ಗುಳ್ಳೆ ಮಾಡಿದ ಕೆಲಸವೇ ಅದು.

ಮೂರನೆಯದು ಸಮೀಕರಣದಲ್ಲೇ ಇಲ್ಲದ ದಾರಿ. ಕೇಸಿಂಗ್ ಪೈಪ್ ಬಂಡೆಗೆ ಸರಿಯಾಗಿ ಕೂತಿಲ್ಲದಿದ್ದರೆ ಮೇಲಿನ ನೀರು ಅದರ ಪಕ್ಕದಲ್ಲೇ ಸರಸರ ಇಳಿಯುತ್ತದೆ. ಸುತ್ತಮುತ್ತ ಬತ್ತಿಹೋದ ಹಳೆ ಬೋರ್‌ಗಳಿದ್ದರೆ ಅವು ಮೇಲಿನ ಕೊಳೆಯನ್ನು ನೇರ ಆಳಕ್ಕೆ ಇಳಿಸುವ ಕೊಳವೆಗಳೇ. ಮಾಡೆಲ್ ಮಾಡುವ ಮೊದಲು ಒಂದು ದಿನ ಊರಿನಲ್ಲಿ ಓಡಾಡಿ ಅವನ್ನೆಲ್ಲ ಗುರುತು ಹಾಕಿಕೊಳ್ಳಿ. ಬೋರ್ ಕೊರೆದವರು ಎಷ್ಟು ಅಡಿಗೆ ಸೆಲೆ ಸಿಕ್ಕಿತ್ತು, ಎಷ್ಟು ಅಡಿ ಕೇಸಿಂಗ್ ಇಳಿಸಿದರು ಅಂತ ಹೇಳುತ್ತಾರೆ, ಬರೆದುಕೊಳ್ಳಿ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆಯಿಂದ ನೆಲಕ್ಕೆ ಇಳಿದದ್ದು ಯಾವ ಬೋರ್‌ಗೆ ಯಾವಾಗ ಅನ್ನುವುದಕ್ಕೂ ಇದೇ ಓಡಾಟ ಬೇಕು.

ನಾನು ನಿಮ್ಮ ಜಾಗದಲ್ಲಿದ್ದರೆ ಮೇಲಿನ ಮಣ್ಣು ಮತ್ತು ಪುಡಿ ಕಲ್ಲಿಗೆ ಮಾತ್ರ ಈ ಸಮೀಕರಣ ಬಳಸುತ್ತಿದ್ದೆ. ಬಂಡೆಗೆ ಒಂದೇ ಉತ್ತರ ಕೊಡದೆ, ಪೊರಾಸಿಟಿ 0.2%, 1%, 3% ಅಂತ ಮೂರು ಸಲ ಓಡಿಸಿ ಮೂರು ದಿನಾಂಕ ಕೊಡುತ್ತಿದ್ದೆ. ಹೊಂಡದ ನೀರಿನ ಮತ್ತು ಬೋರ್‌ವೆಲ್ ನೀರಿನ ಕ್ಲೋರೈಡ್, ನೈಟ್ರೇಟ್ ತಿಂಗಳಿಗೊಮ್ಮೆ ಅಳೆಯಿರಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ. ದೊಡ್ಡ ಮಳೆ ಬಂದು ಎಷ್ಟು ದಿನಕ್ಕೆ ಬೋರ್‌ವೆಲ್‌ನಲ್ಲಿ ಅಂಕಿ ಅಲುಗಾಡುತ್ತದೆ ಅನ್ನುವುದೊಂದು ಸಿಕ್ಕರೂ ಮೂರು ದಿನಾಂಕದಲ್ಲಿ ಎರಡನ್ನು ಹೊಡೆದುಹಾಕಬಹುದು.

ಗೈಡ್ ಹತ್ತಿರ ಹೋಗುವ ಮೊದಲು ಇನ್ನೊಂದೇ ಕೆಲಸ. ಮಾಡೆಲಿನಲ್ಲಿ ಡಿಸ್ಪರ್ಸಿವಿಟಿ ಸೊನ್ನೆ ಹಾಕಿ ಓಡಿಸಿ. ಹರಡಲೇಬಾರದು. ಹರಡಿದರೆ, ಹರಡಿದಷ್ಟೂ ಗ್ರಿಡ್ಡಿನದು. ಆ ಗ್ರಾಫನ್ನೂ ನಿಮ್ಮ ಪೈಪಿನ ಗ್ರಾಫನ್ನೂ ಪಕ್ಕಪಕ್ಕ ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಡಿ.